‘ಚಾರ್ಜ್‌ಶೀಟ್ ಸ್ಕ್ರೂಟಿನಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಅದು ಯಾಕೆ ಸಲೀಸಾಗಿ ಸಿಗುತ್ತಿಲ್ಲ ಎನ್ನುವುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ‘ಪರಿಶೀಲನೆ ಅಂದರೆ ಸಾಕಲ್ಲ’ ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ.

ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನ್ಯಾಯಾಲಯದ ಭಾಷಾಂತರದ ಕೆಲಸ ಮಾಡಿದವನು. ಕನ್ನಡದಲ್ಲಿ ದಾಖಲಾದ ಸಾಕ್ಷ್ಯ, ಮಹಜರು, ಹೇಳಿಕೆಗಳನ್ನು ಮೇಲ್ಮನವಿಗಾಗಿ ಇಂಗ್ಲಿಷಿಗೆ ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಈಗ ಹೊಸದಾಗಿ ಸೇರುವ ಪಿಎಸ್‌ಐಗಳೂ ಸಹಾಯಕ ಸರ್ಕಾರಿ ಅಭಿಯೋಜಕರೂ (ಎಪಿಪಿ, ಕ್ರಿಮಿನಲ್ ಮೊಕದ್ದಮೆಗಳನ್ನು ಸರ್ಕಾರದ ಪರ ನಡೆಸುವ ವಕೀಲರು) ಒಟ್ಟಿಗೆ ಕೂತು ಓದಬಹುದಾದ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೇರೆ ಅಧ್ಯಾಯಗಳು ಹೇಗೋ ಸಾಗಿದವು. ಇಬ್ಬರೂ ಮುಖಾಮುಖಿಯಾಗುವ ಅಧ್ಯಾಯದಲ್ಲಿ ಪೆನ್ನು ನಿಂತಿದೆ.

ಸಂದರ್ಭ ಇದು. ತನಿಖೆ ಮುಗಿಯುತ್ತ ಬಂದಿರುತ್ತದೆ. ದೋಷಾರೋಪಣಾ ಪಟ್ಟಿಯ, ಅಂದರೆ ಚಾರ್ಜ್‌ಶೀಟಿನ, ಕರಡು ಸಿದ್ಧವಾಗಿರುತ್ತದೆ. ನ್ಯಾಯಾಲಯಕ್ಕೆ ಸಲ್ಲಿಸುವ ಮೊದಲು ಕಡತವನ್ನು ಎಪಿಪಿಯವರಿಗೆ ಕಳಿಸುತ್ತಾರೆ. ಅವರು ಓದಿ, ಇಲ್ಲಿ ಪಂಚರ ಸಹಿ ಇಲ್ಲ, ಈ ಸಾಕ್ಷಿಯ ಹೇಳಿಕೆಯಲ್ಲಿ ಹೊತ್ತು ಹೊಂದುವುದಿಲ್ಲ, ಪ್ರಯೋಗಾಲಯದ ವರದಿ ಬರಬೇಕು, ಈ ಕಲಂ ಇಲ್ಲಿಗೆ ಅನ್ವಯಿಸುವುದಿಲ್ಲ ಎಂದು ಗುರುತು ಮಾಡಿ ವಾಪಸು ಕಳಿಸುತ್ತಾರೆ. ಠಾಣೆಯಲ್ಲಿ ಇದಕ್ಕಿರುವ ಹೆಸರು ‘ಸ್ಕ್ರೂಟಿನಿ’. ‘ಫೈಲು ಸ್ಕ್ರೂಟಿನಿಗೆ ಹೋಗಿದೆ’, ‘ಸ್ಕ್ರೂಟಿನಿ ಆಗಿ ಬಂತಾ?’ ಎಂದು ರೈಟರೂ ಕೇಳುತ್ತಾರೆ, ಇನ್‌ಸ್ಪೆಕ್ಟರೂ ಕೇಳುತ್ತಾರೆ. ಈ ಇಂಗ್ಲಿಷ್ ಪದವನ್ನು ಹಾಗೇ ಇಟ್ಟುಕೊಳ್ಳಲು ನನ್ನದೇನೂ ತಕರಾರಿಲ್ಲ. ಆದರೆ ಕೈಪಿಡಿಯಲ್ಲಿ ಇದರ ಕ್ರಿಯಾಪದ ಬೇಕು. ಎಪಿಪಿ ಕಡತವನ್ನು ಏನು ಮಾಡುತ್ತಾರೆ? ‘ಸ್ಕ್ರೂಟಿನಿ ಮಾಡುತ್ತಾರೆ’ ಎಂದು ಬರೆದರೆ, ಅವರ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದು ಓದುವವನಿಗೆ ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ತಿಳಿಯಬೇಕಾದದ್ದೇ ಅದು.

ಮೊದಲ ಕರಡಿನಲ್ಲಿ ‘ಅಭಿಯೋಜಕರ ಅನುಮೋದನೆ ಪಡೆದು’ ಎಂದು ಬರೆದಿದ್ದೆ. ಓದಿದ ಹಿರಿಯ ಅಭಿಯೋಜಕರೊಬ್ಬರು ಆ ಪದಕ್ಕೆ ಕೆಂಪು ಗೆರೆ ಎಳೆದರು. ‘ನಾವು ಅನುಮೋದಿಸುವವರಲ್ಲ. ಹಾಗೆ ಬರೆದರೆ ನಾಳೆ ಪಾಟಿ ಸವಾಲಿನಲ್ಲಿ ಎದುರು ವಕೀಲರು ತನಿಖಾಧಿಕಾರಿಯನ್ನು, ಈ ಪಟ್ಟಿ ನಿಮ್ಮದೋ ಎಪಿಪಿಯದೋ ಎಂದು ಕೇಳುತ್ತಾರೆ’ ಅಂದರು. ಅವರು ಹೇಳಿದ್ದು ಸರಿ. ತನಿಖೆಯೆಂದರೆ ಏನೇನು ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ರಿಷ್‌ಬುದ್ ಪ್ರಕರಣದಲ್ಲಿ ಹಂತ ಹಂತವಾಗಿ ಬಿಡಿಸಿ ಹೇಳಿದೆ. ಸ್ಥಳಕ್ಕೆ ಹೋಗುವುದರಿಂದ ಹಿಡಿದು, ಸಿಕ್ಕ ಸಾಮಗ್ರಿಯ ಮೇಲೆ ಆರೋಪಿಯನ್ನು ನ್ಯಾಯಾಲಯದ ಮುಂದೆ ನಿಲ್ಲಿಸಬಹುದೋ ಇಲ್ಲವೋ ಎಂಬ ಅಭಿಪ್ರಾಯಕ್ಕೆ ಬರುವವರೆಗೆ ಎಲ್ಲವೂ ತನಿಖೆಯೇ. ಆ ಕೊನೆಯ ಅಭಿಪ್ರಾಯವೂ ಪೊಲೀಸ್ ಅಧಿಕಾರಿಯದೇ.

ಮುಂದೆ ತಮಿಳುನಾಡಿನ ಒಂದು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್, ತನಿಖಾಧಿಕಾರಿ ಪಬ್ಲಿಕ್ ಪ್ರಾಸಿಕ್ಯೂಟರರ ಅಭಿಪ್ರಾಯ ಪಡೆದು ತಿದ್ದಿದ ದೋಷಾರೋಪಣಾ ಪಟ್ಟಿ ಸಲ್ಲಿಸಬೇಕು ಎಂದು ಆದೇಶಿಸಿತು. ಆರ್. ಸರಳಾ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 2000ರಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ತನಿಖೆ ಬೇರೆ, ಅಭಿಯೋಜನೆ ಬೇರೆ, ವರದಿ ಸಲ್ಲಿಸುವ ವಿಷಯದಲ್ಲಿ ಇವರಿಬ್ಬರ ಜಂಟಿ ಕಾರ್ಯಾಚರಣೆಗೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಗವಿಲ್ಲ ಎಂಬುದು ಅದರ ಸಾರ. ಹೀಗಾಗಿ ‘ಅನುಮೋದನೆ’, ‘ಒಪ್ಪಿಗೆ’, ‘ಸಮ್ಮತಿ’ ಮೂರನ್ನೂ ಬಿಟ್ಟೆ. ‘ಅನುಮತಿ’, ‘ಮಂಜೂರಾತಿ’ಗಳಿಗಂತೂ ಬೇರೆ ಕೆಲಸವೇ ಇದೆ. ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ಹೂಡಲು ಸರ್ಕಾರ ಕೊಡುವ ಪೂರ್ವಾನುಮತಿಗೆ ಆ ಪದಗಳು ಸಲ್ಲುತ್ತವೆ.

ಹಾಗಾದರೆ ಎಪಿಪಿ ಬರೀ ನೋಡಿ ಸುಮ್ಮನಿರಬೇಕೇ? ಅದೂ ಆಗುವುದಿಲ್ಲ. ಗುಜರಾತಿನ ಕಿಶನ್‌ಭಾಯಿ ಪ್ರಕರಣದಲ್ಲಿ, ಒಂದು ಪುಟ್ಟ ಹೆಣ್ಣುಮಗುವಿನ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಮೊಕದ್ದಮೆಯಲ್ಲಿ, ತನಿಖೆಯಲ್ಲೂ ಅಭಿಯೋಜನೆಯಲ್ಲೂ ಆದ ಲೋಪಗಳಿಂದ ಆರೋಪಿ ಖುಲಾಸೆಯಾದ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ಎತ್ತಿಹಿಡಿಯಬೇಕಾಗಿ ಬಂತು. ಅದೇ ತೀರ್ಪಿನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು: ತನಿಖೆ ಮುಗಿದ ಮೇಲೆ ಅಭಿಯೋಜನೆಯವರು ತಮ್ಮ ಸ್ವಂತ ಬುದ್ಧಿಯಿಂದ ಕಡತ ನೋಡಬೇಕು, ಕೊರತೆ ಕಂಡರೆ ಸರಿಪಡಿಸಿಕೊಳ್ಳಲು ತಿಳಿಸಬೇಕು, ಬೇಕಾದರೆ ಇನ್ನಷ್ಟು ತನಿಖೆ ನಡೆಯಬೇಕು. ಖುಲಾಸೆಯಾದ ಪ್ರತಿ ಪ್ರಕರಣದಲ್ಲೂ ಯಾಕೆ ಹೀಗಾಯಿತೆಂದು ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯರು ಸೇರಿ ನೋಡಬೇಕು ಎಂದೂ ಹೇಳಿತು. ಇದಾದ ಮೇಲೆ 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಂನಲ್ಲಿ, ಏಳು ವರ್ಷ ಅಥವಾ ಹೆಚ್ಚು, ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸ್ ವರದಿಯನ್ನು ಕೂಲಂಕಷವಾಗಿ ನೋಡುವುದು ಅಭಿಯೋಜನೆಯ ಉಪನಿರ್ದೇಶಕರ ಕೆಲಸವೆಂದು ಬರವಣಿಗೆಯಲ್ಲೇ ಬಂತು.

ಅಂದರೆ ನನಗೆ ಬೇಕಾದ ಪದ ಎರಡು ಗೆರೆಗಳ ನಡುವೆ ನಿಲ್ಲಬೇಕು. ಓದುವವನು ಕಣ್ಣಲ್ಲಿ ಕಣ್ಣಿಟ್ಟು ಓದಬೇಕು, ಕುಂದನ್ನು ತೋರಿಸಬೇಕು, ಆದರೆ ಪೆನ್ನು ಮಾತ್ರ ತನಿಖಾಧಿಕಾರಿಯ ಕೈಯಲ್ಲೇ ಉಳಿಯಬೇಕು.

ಇಲ್ಲಿಂದ ನನ್ನ ಹುಡುಕಾಟ. ‘ತಿದ್ದು’ ಎನ್ನಲು ಮನಸ್ಸು ಹೋಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಕಾಪಿ ತಿದ್ದಿದ ನೆನಪು ಎಲ್ಲರಿಗೂ ಇದೆ. ಆದರೆ ದಾಖಲೆ, ಸಾಕ್ಷ್ಯ ಎಂಬ ಪದಗಳ ಪಕ್ಕಕ್ಕೆ ಬಂದ ಕೂಡಲೇ ‘ತಿದ್ದು’ ಕೆಟ್ಟುಹೋಗುತ್ತದೆ. ‘ದಾಖಲೆ ತಿದ್ದಿದರು’ ಅಂದರೆ ಅಪರಾಧವೇ ಆಯಿತು. ಉತ್ತರ ಕರ್ನಾಟಕದ ಗೆಳೆಯರೊಬ್ಬರು ‘ಹಸನು ಮಾಡು’ ಎಂದು ಸೂಚಿಸಿದರು. ಜೋಳ ಹಸನು ಮಾಡುವವರು ಕಲ್ಲು, ಕಸ ತೆಗೆಯುತ್ತಾರೆಯೇ ಹೊರತು ತಮ್ಮದೊಂದು ಕಾಳನ್ನೂ ಸೇರಿಸುವುದಿಲ್ಲ. ಕಾಳು ಯಾರದೋ ಅವರದೇ. ರೂಪಕವಾಗಿ ಇದಕ್ಕಿಂತ ಒಳ್ಳೆಯದು ಸಿಗಲಾರದು. ಆದರೂ ‘ಸಾಕ್ಷ್ಯವನ್ನು ಹಸನು ಮಾಡಿದರು’ ಎಂದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಅನುಮಾನ ಬಂದೇ ಬರುತ್ತದೆ. ‘ಒರೆಗೆ ಹಚ್ಚು’ ನ್ಯಾಯಾಧೀಶರ ಕೆಲಸ. ‘ಜರಡಿ ಹಿಡಿ’ ಅಂದರೆ ಆಯ್ದು ಎಸೆಯುವುದು, ಕೇಸು ಮುಚ್ಚಲು ಪೊಲೀಸರು ಕೊಡುವ ಬಿ ರಿಪೋರ್ಟಿಗೆ ಹತ್ತಿರ.

‘ಪರಿಶೀಲನೆ’ಯ ತೊಂದರೆ ಬೇರೆ. ಅರ್ಜಿಯನ್ನೂ ಪರಿಶೀಲಿಸುತ್ತಾರೆ, ನಾಮಪತ್ರವನ್ನೂ ಪರಿಶೀಲಿಸುತ್ತಾರೆ, ಸ್ಥಳವನ್ನೂ ಪರಿಶೀಲಿಸುತ್ತಾರೆ. ‘ಪರಿಶೀಲಿಸಲಾಗಿದೆ’ ಎಂದು ಮೊಹರು ಒತ್ತಿದ ಎಷ್ಟೋ ಹಾಳೆಗಳನ್ನು ಯಾರೂ ಓದಿರುವುದಿಲ್ಲ ಎನ್ನುವುದನ್ನು ಕಚೇರಿಗಳಲ್ಲಿ ಕೆಲಸ ಮಾಡಿದ ಎಲ್ಲರೂ ಬಲ್ಲರು. ಪದ ಸವೆದುಹೋಗಿದೆ.

ಓದದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಅನುವಾದಿಸಿದ ಒಂದು ಕಡತವನ್ನು ಹೇಳುತ್ತೇನೆ. ಊರು, ಕೋರ್ಟು ಯಾವುದೂ ಬೇಡ. ಅಡಿಕೆ ತೋಟದ ಬೇಲಿ ವಿಷಯಕ್ಕೆ ಅಕ್ಕಪಕ್ಕದವರಿಗೆ ಜಗಳವಾಗಿ ಒಬ್ಬರ ಭುಜಕ್ಕೆ ಏಟು ಬಿದ್ದಿತ್ತು. ಕರಾವಳಿ ಕಡೆಯ ಫಿರ್ಯಾದಿ ತನ್ನ ಮಾತಿನಲ್ಲಿ ‘ಕತ್ತಿಯಿಂದ ಕಡಿದ’ ಅಂದಿದ್ದರು. ಅಲ್ಲಿ ಕತ್ತಿ ಅಂದರೆ ಮನೆ ಮನೆಯಲ್ಲಿರುವ, ಸೊಪ್ಪು ಕಡಿಯುವ ಕತ್ತಿ. ಜಪ್ತಿ ಮಹಜರು ಬರೆದವರು ಬಯಲುಸೀಮೆಯವರು. ಅವರ ಕಣ್ಣಿಗೆ ಅದು ಮಚ್ಚು. ‘ಮರದ ಹಿಡಿಯುಳ್ಳ ಕಬ್ಬಿಣದ ಮಚ್ಚು’ ಎಂದು ಬರೆದರು. ಒಬ್ಬ ಕಣ್ಣಾರೆ ಕಂಡ ಸಾಕ್ಷಿಯ ಹೇಳಿಕೆಯಲ್ಲಿ ಅದೇ ವಸ್ತು ಕುಡುಗೋಲಾಯಿತು. ವೈದ್ಯರ ಪ್ರಮಾಣಪತ್ರದಲ್ಲಿ ‘ಹರಿತವಾದ ಆಯುಧ’ ಎಂದಷ್ಟೇ ಇತ್ತು. ಒಂದೇ ಕಬ್ಬಿಣದ ತುಂಡಿಗೆ ಒಂದೇ ಕಡತದಲ್ಲಿ ನಾಲ್ಕು ಹೆಸರು. ದೋಷಾರೋಪಣಾ ಪಟ್ಟಿ ಹಾಗೇ ಹೋಯಿತು. ಎಪಿಪಿಯ ಕೈಗೆ ಕಡತ ಬಂದದ್ದು ಸಾಕ್ಷಿ ಹೇಳುವ ದಿನ ಬೆಳಿಗ್ಗೆ. ಪಾಟಿ ಸವಾಲಿನಲ್ಲಿ ವಕೀಲರು ಕೇಳಿದ ಪ್ರಶ್ನೆ ಇಷ್ಟೇ: ‘ಹೊಡೆದದ್ದು ಕತ್ತಿಯಿಂದಲೋ ಮಚ್ಚಿನಿಂದಲೋ?’ ಫಿರ್ಯಾದಿ, ಮುಂದೆ ಮೇಜಿನ ಮೇಲೆ ಮುದ್ದೆಮಾಲು (ಜಪ್ತಿ ಮಾಡಿದ ಆ ವಸ್ತು) ಇಟ್ಟಿದ್ದರೂ, ‘ಕತ್ತಿಯಿಂದಲೇ ಸ್ವಾಮಿ, ಮಚ್ಚು ಅಲ್ಲ’ ಎಂದು ಖಡಾಖಂಡಿತವಾಗಿ ಹೇಳಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಆ ನಿಜವೇ ಅವರ ಕೇಸನ್ನು ಮುರಿಯಿತು. ಸಂಶಯದ ಲಾಭ ಆರೋಪಿಗೆ ಸಿಕ್ಕಿತು.

ಪಟ್ಟಿ ಸಲ್ಲಿಸುವ ಮೊದಲು ಯಾರಾದರೂ ಆ ನಾಲ್ಕು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದ್ದರೆ, ಫಿರ್ಯಾದಿಯಿಂದ ಒಂದು ಸಾಲಿನ ಮರುಹೇಳಿಕೆ ಸಾಕಾಗುತ್ತಿತ್ತು: ‘ನಮ್ಮ ಕಡೆ ಕತ್ತಿ ಎಂದರೆ ಈಗ ತೋರಿಸಿದ ಇದೇ’. ಅದನ್ನು ಅನುವಾದಿಸಲು ಕೂತಾಗ ಕತ್ತಿಗೆ ಇಂಗ್ಲಿಷಿನಲ್ಲಿ ಯುದ್ಧದ ಖಡ್ಗದ ಪದ ಹಾಕಬೇಕೋ ಬೇಡವೋ ಎಂದು ಒಂದಿಡೀ ಮಧ್ಯಾಹ್ನ ಕೂತಿದ್ದೆ. ಈ ಪದಚರ್ಚೆಯ ಬೇರು ನನಗೆ ಆ ಮಧ್ಯಾಹ್ನದಲ್ಲೇ ಇದೆ.

ಅದಕ್ಕೇ ನನ್ನ ಮೊದಲ ಸೂಚನೆ: ತಾಳೆ ನೋಡು. ಲೆಕ್ಕ ತಾಳೆಯಾಗಲಿಲ್ಲ, ಸಹಿ ತಾಳೆ ನೋಡಿದರು, ಬೆರಳಚ್ಚು ತಾಳೆಯಾಯಿತು – ಹಳ್ಳಿಯ ಅಂಗಡಿಯಿಂದ ಪ್ರಯೋಗಾಲಯದವರೆಗೆ ಇದು ಓಡಾಡಿಕೊಂಡಿರುವ ಪದ. ತಾಳೆ ನೋಡುವವನು ಲೆಕ್ಕವನ್ನು ಬರೆಯುವುದಿಲ್ಲ. ಇದರ ಜತೆ ಅದು ಹೊಂದುತ್ತದೆಯೇ ಎಂದು ನೋಡುತ್ತಾನೆ, ಹೊಂದದಿದ್ದರೆ ಹೇಳುತ್ತಾನೆ. ಹೇಳಿಕೆಗೂ ಮಹಜರಿಗೂ, ಮಹಜರಿಗೂ ವೈದ್ಯರ ಪತ್ರಕ್ಕೂ, ಇವೆಲ್ಲಕ್ಕೂ ಹಾಕಿದ ಕಲಂಗಳಿಗೂ ತಾಳೆ. ‘ಕಡತ ತಾಳೆಗೆ ಹೋಗಿದೆ’ ಎಂದರೆ ಠಾಣೆಯಲ್ಲಿ ಯಾರಿಗೂ ಅರ್ಥವಾಗುತ್ತದೆ. ಇದಕ್ಕಿರುವ ಆಕ್ಷೇಪವೂ ನನಗೆ ಗೊತ್ತು. ಸ್ಕ್ರೂಟಿನಿಯಲ್ಲಿ ಸಾಕ್ಷ್ಯ ಸಾಕೋ ಸಾಲದೋ ಎಂಬ ತೂಕದ ಪ್ರಶ್ನೆಯೂ ಇದೆ. ತಾಳೆಯಲ್ಲಿ ಹೊಂದಿಕೆ ಸಿಗುತ್ತದೆ, ತೂಕ ಸಿಗುವುದಿಲ್ಲ. ಈ ಕೊರತೆಯನ್ನು ತುಂಬುವ ಪದ ನಿಮ್ಮಲ್ಲಿದ್ದರೆ ದಯವಿಟ್ಟು ಕೊಡಿ.

ಇನ್ನು ಸುತ್ತಲಿನ ಪದಗಳ ಬಗ್ಗೆ. ಒಂದು ಗಮನಿಸಿದ್ದೇನೆ, ನಿಮಗೂ ಹೌದೆನಿಸುತ್ತದೆಯೇ ನೋಡಿ. ಠಾಣೆಯ ಪದಗಳು ಹೆಚ್ಚಾಗಿ ಅರಬ್ಬಿ-ಪಾರಸಿ ಕಡೆಯಿಂದ ಬಂದು ನಮ್ಮವಾದವು: ಫಿರ್ಯಾದಿ, ಮಹಜರು, ಜಪ್ತಿ, ದಸ್ತಗಿರಿ, ಮುದ್ದೆಮಾಲು, ಖುದ್ದು, ಹಾಜರು. ಅಭಿಯೋಜಕರ ಕಚೇರಿಯ ಪದಗಳು ಸಂಸ್ಕೃತದವು: ಅಭಿಯೋಜನೆ, ದೋಷಾರೋಪಣೆ, ಆಪಾದಿತ, ಸಂಹಿತೆ. ಇಬ್ಬರೂ ಮಾತಾಡುವಾಗ ಮಾತ್ರ ಇಂಗ್ಲಿಷಿಗೆ ಬರುತ್ತಾರೆ: ಚಾರ್ಜ್‌ಶೀಟ್, ಸ್ಕ್ರೂಟಿನಿ, ಐಓ (ತನಿಖಾಧಿಕಾರಿ), ಸಿಡಿ ಫೈಲು (ಕೇಸ್ ಡೈರಿಯ ಕಡತ). ಎರಡು ಮನೆಗಳ ನಡುವಿನ ಅಂಗಳದಲ್ಲಿ ಕನ್ನಡದ ಪದವೇ ಹುಟ್ಟಲಿಲ್ಲ. ಇದಕ್ಕೆ ಚರಿತ್ರೆಯೂ ಸ್ವಲ್ಪ ಕಾರಣವಿರಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಮೊದಲು ಎಷ್ಟೋ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಮೊಕದ್ದಮೆ ನಡೆಸುತ್ತಿದ್ದರು. ಇಬ್ಬರ ಕೆಲಸವನ್ನೂ ಒಬ್ಬನೇ ಮಾಡುವಾಗ ನಡುವಿನ ಮಾತಿಗೆ ಅಗತ್ಯವೇ ಇರಲಿಲ್ಲ. ಎರಡನ್ನೂ ಬೇರ್ಪಡಿಸಬೇಕೆಂದು ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿ ಹೇಳಿತ್ತು. ಬೇರ್ಪಟ್ಟ ಮೇಲೆ ನಡುವೆ ಸೇತುವೆ ಬೇಕಾಯಿತು.

ಆ ಸೇತುವೆ ಕನ್ನಡದ ತೀರ್ಪುಗಳಲ್ಲಿ ಎರಡು ಸಂಕ್ಷೇಪಗಳಾಗಿ ಕಾಣುತ್ತದೆ. ಪೊಲೀಸರ ಪಟ್ಟಿಯಲ್ಲಿ ಐದನೆಯವರಾಗಿ ಇದ್ದ ಸಾಕ್ಷಿ ‘ಚಾ.ಸಾ.5’, ಅಂದರೆ ಚಾರ್ಜ್‌ಶೀಟ್ ಸಾಕ್ಷಿ. ಅದೇ ವ್ಯಕ್ತಿ ಕಟಕಟೆ ಹತ್ತಿದ ಮೇಲೆ ‘ಪ್ರಾ.ಸಾ.2’, ಪ್ರಾಸಿಕ್ಯೂಷನ್ ಸಾಕ್ಷಿ. ಕೆಲವರು ‘ಅ.ಸಾ.’ ಎಂದು, ಅಭಿಯೋಜನಾ ಸಾಕ್ಷಿ ಎಂದು ಬರೆಯುತ್ತಾರೆ. ಯಾರನ್ನು ಕರೆಸಬೇಕು, ಯಾರನ್ನು ಬಿಡಬೇಕು, ಯಾರು ಮೊದಲು ಎಂದು ಅಭಿಯೋಜಕರು ನಿರ್ಧರಿಸಿದಾಗ ಸಂಖ್ಯೆ ಬದಲಾಗುತ್ತದೆ. ಒಬ್ಬ ಮನುಷ್ಯ ಪೊಲೀಸರ ಕೈಯಿಂದ ಅಭಿಯೋಜಕರ ಕೈಗೆ ದಾಟಿದ ಗುರುತು ಅದು. ಹೊಸಬರಿಗೆ ಈ ಎರಡು ಅಕ್ಷರಗಳ ವ್ಯತ್ಯಾಸ ತಿಳಿಸಿದರೆ ಅರ್ಧ ಪಾಠ ಮುಗಿಯಿತು ಎಂದು ನನ್ನ ಅನುಭವ.

‘ಅಭಿಯೋಜಕ’ ಪದ ಉಳಿಯುತ್ತದೆಯೇ ಎಂಬ ಅನುಮಾನ ನನಗಿಲ್ಲ. ಇಲಾಖೆಯ ಹೆಸರೇ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ. ಜನ ‘ಸರ್ಕಾರಿ ವಕೀಲರು’ ಅನ್ನುತ್ತಾರೆ, ತಪ್ಪೇನಲ್ಲ, ಆದರೆ ಸರ್ಕಾರದ ಸಿವಿಲ್ ದಾವೆ ನಡೆಸುವವರಿಗೂ ಅದೇ ಹೆಸರು. ‘ಅಭಿಯೋಗ’ ಹಳೆಯ ಧರ್ಮಶಾಸ್ತ್ರದ ಪದ, ಒಬ್ಬರ ಮೇಲೆ ಹೊರಿಸುವ ದೂರು ಎಂದರ್ಥ. ತನ್ನ ಮೇಲಿನ ಅಭಿಯೋಗ ತೀರುವ ಮೊದಲು ಪ್ರತ್ಯಭಿಯೋಗ ಹೂಡಬಾರದು ಎಂದು ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿದೆ. ತೆಲುಗಿನವರು ಚಾರ್ಜ್‌ಶೀಟಿಗೇ ಅಭಿಯೋಗಪತ್ರ ಅನ್ನುತ್ತಾರೆ. ಮಲಯಾಳದಲ್ಲಿ ಕುಟ್ಟಪತ್ರ, ಮರಾಠಿಯಲ್ಲಿ ದೋಷಾರೋಪಪತ್ರ. ನಾವು ಮರಾಠಿಗೆ ಹತ್ತಿರ ನಿಂತಿದ್ದೇವೆ. ಗುನ್ನೆ, ಮೊಕದ್ದಮೆ, ಅಪರಾಧ ಕ್ರಮಾಂಕ – ಎಫ್‌ಐಆರ್ ಸಂಖ್ಯೆಗೆ ಕಲಬುರಗಿ, ಹಳೇ ಮೈಸೂರು, ಕರಾವಳಿಗಳಲ್ಲಿ ಬೇರೆ ಬೇರೆ ಹೆಸರು ಇರುವುದೂ ಇಂಥದೇ ನೆರೆಹೊರೆಯ ಫಲ.

ದೋಷಾರೋಪಣಾ ಪಟ್ಟಿಯಲ್ಲಿ ನನಗೊಂದು ನಿಜವಾದ ಕಷ್ಟವಿದೆ. ಪೊಲೀಸರು ಸಲ್ಲಿಸುವುದೂ ದೋಷಾರೋಪ, ನ್ಯಾಯಾಧೀಶರು ಹೊರಿಸುವುದೂ ದೋಷಾರೋಪ. ಪತ್ರಿಕೆಯಲ್ಲಿ ‘ದೋಷಾರೋಪ’ ಎಂಬ ತಲೆಬರಹ ಕಂಡರೆ ಯಾರು ಹೊರಿಸಿದರೆಂದು ಒಳಗಿನ ಸುದ್ದಿ ಓದಿದ ಮೇಲಷ್ಟೇ ಗೊತ್ತಾಗುತ್ತದೆ. ಕಾನೂನಿನ ಮಾತಿನಲ್ಲಿ ಪೊಲೀಸರದು ಬರೀ ‘ಪೊಲೀಸ್ ವರದಿ’. ಚಾರ್ಜ್‌ಶೀಟ್, ಅಂತಿಮ ವರದಿ ಎಂಬ ಪದಗಳು ಸಂಹಿತೆಯಲ್ಲೇ ಇಲ್ಲ, ಪೊಲೀಸ್ ಕೈಪಿಡಿಗಳಿಂದ ಬಂದವು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಅಭಿನಂದನ್ ಝಾ ಪ್ರಕರಣದಲ್ಲಿ ಗುರುತಿಸಿತ್ತು. ಅಲಂಕಾರಶಾಸ್ತ್ರ ಓದಿದವರಿಗೆ ಆರೋಪದ ಮೂಲಾರ್ಥ ನೆನಪಿರುತ್ತದೆ. ಮುಖದ ಮೇಲೆ ಚಂದ್ರನನ್ನು ಆರೋಪಿಸಿದರೆ ರೂಪಕ. ಒಂದರ ಮೇಲೆ ಇನ್ನೊಂದನ್ನು ಹೊರಿಸುವ ಆ ಕೆಲಸವನ್ನು ನ್ಯಾಯಾಲಯಕ್ಕೆ ಬಿಟ್ಟು, ಪೊಲೀಸರದನ್ನು ‘ತನಿಖಾ ವರದಿ’ ಎಂದು ಕರೆಯುವುದು ನನಗೆ ಸರಿ ಕಾಣುತ್ತದೆ. ಆದರೆ ರೂಢಿ ಗಟ್ಟಿಯಾಗಿದೆ. ಸದ್ಯಕ್ಕೆ ‘ಪಟ್ಟಿ ಸಲ್ಲಿಕೆ’, ‘ಆರೋಪ ನಿಗದಿ’ ಎಂದು ಕ್ರಿಯೆಯಲ್ಲೇ ವ್ಯತ್ಯಾಸ ಮಾಡಿಕೊಂಡಿದ್ದೇನೆ. ‘ವಿಚಾರಣೆ’ಯೂ ಹೀಗೆಯೇ. ಪೊಲೀಸರು ಠಾಣೆಯಲ್ಲಿ ಮಾಡುವುದೂ ವಿಚಾರಣೆ, ಕೋರ್ಟಿನಲ್ಲಿ ನಡೆಯುವುದೂ ವಿಚಾರಣೆ. ಕೋರ್ಟಿನದಕ್ಕೆ ಇರುವ ‘ಅಧಿವಿಚಾರಣೆ’ ಪುಸ್ತಕ ಬಿಟ್ಟು ಹೊರಗೆ ಬರಲಿಲ್ಲ. ‘ಪ್ರಕರಣ’ ಅಂದರೆ ಪತ್ರಿಕೆಗೆ ಕೇಸು, ಅಧಿನಿಯಮದ ಕನ್ನಡಕ್ಕೆ ಕಲಂ. ಇವನ್ನು ಇನ್ನೊಮ್ಮೆ ಮಾತಾಡೋಣ.

ಕೊನೆಯದಾಗಿ ಅಧ್ಯಾಯದ ತಲೆಬರಹ. ‘ಪೊಲೀಸರ ಮತ್ತು ಅಭಿಯೋಜಕರ ಸಹಕಾರ’ ಎಂದಿಟ್ಟೆ. ಸಹಕಾರ ಸಂಘ ಮೊದಲು ನೆನಪಾಗುತ್ತದೆ. ಜತೆಗೆ ‘ತನಿಖೆಗೆ ಸಹಕರಿಸಬೇಕು’ ಎಂದು ಕೋರ್ಟು ಹೇಳುವುದು ಜಾಮೀನು ಪಡೆದ ಆರೋಪಿಗೆ. ‘ಹೊಂದಾಣಿಕೆ’ ಎಷ್ಟು ಚೆಂದದ ಪದವಾಗಿತ್ತು! ‘ಹೊಂದಾಣಿಕೆ ರಾಜಕಾರಣ’ ಬಂದ ಮೇಲೆ ಒಳಒಪ್ಪಂದದ ವಾಸನೆ ಹತ್ತಿದೆ. ‘ಕೈಜೋಡಿಸು’ ಸಹ ಪೊಲೀಸ್ ಸುದ್ದಿಯಲ್ಲಿ ಶಾಮೀಲಾಗುವುದೇ. ಸುತ್ತೋಲೆಗಳ ‘ಸಮನ್ವಯ’ ಶುದ್ಧವಾಗಿದೆ, ಆದರೆ ಅದರಲ್ಲಿ ಇಬ್ಬರು ಮನುಷ್ಯರು ಮೇಜಿನ ಆಚೀಚೆ ಕೂತ ಚಿತ್ರ ಬರುವುದಿಲ್ಲ. ನನಗೆ ‘ಒಡನಾಟ’ದ ಮೇಲೆ ಮನಸ್ಸಿದೆ. ಠಾಣೆಯಿಂದ ಕಡತ ಹಿಡಿದು ಬಂದ ಪೇದೆಗೂ ಎಪಿಪಿ ಮೇಡಂಗೂ ಇರುವ ದಿನನಿತ್ಯದ ಬಳಕೆಯ ಅರ್ಥ ಅದರಲ್ಲಿದೆ. ಅಧಿಕೃತ ಕೈಪಿಡಿಗೆ ತೀರ ಸಲಿಗೆಯಾಯಿತೇ?

ಆ ಒಡನಾಟಕ್ಕೆ ಗಡುವೂ ಒಂದಿದೆ. ಆರೋಪಿ ಬಂಧನದಲ್ಲಿದ್ದರೆ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವನ ಹಕ್ಕು. 88ನೇ ದಿನ ಸಂಜೆ ಎಪಿಪಿಯ ಮೇಜಿಗೆ ಬಂದ ಕಡತವನ್ನು ತಾಳೆ ನೋಡಲು ಯಾವ ಪದವೂ ನೆರವಾಗದು. ಅದಕ್ಕಾಗಿ ಕೈಪಿಡಿಯಲ್ಲಿ ‘ಸಲ್ಲಿಕೆಗೆ ಮುನ್ನ’ ಎಂದಷ್ಟೇ ಬರೆಯದೆ ‘ತನಿಖೆಯ ನಡುವೆಯೇ’ ಎಂದು ಸೇರಿಸಿದ್ದೇನೆ.

ಎಪಿಪಿ ಬರೆದುಕೊಡುವ ಟಿಪ್ಪಣಿಗೆ ಮಾತ್ರ ಪದ ಸಿಕ್ಕಿದೆ ಎಂದುಕೊಂಡಿದ್ದೇನೆ: ಷರಾ. ಯಾವ ಕಚೇರಿಯ ವಹಿಯಲ್ಲಾದರೂ ಕೊನೆಯ ಕಾಲಂ ಅದೇ. ಮೂಲ ಬರಹವನ್ನು ಮುಟ್ಟದೆ ಪಕ್ಕದಲ್ಲಿ ಬರೆಯುವ ಮಾತು. ‘ಅಭಿಯೋಜಕರು ತಾಳೆ ನೋಡಿ ಷರಾ ಬರೆಯುತ್ತಾರೆ. ಅದನ್ನು ಓದಿ ಮುಂದಿನದನ್ನು ತನಿಖಾಧಿಕಾರಿ ನಿರ್ಧರಿಸುತ್ತಾರೆ.’ ಈ ಎರಡು ವಾಕ್ಯಗಳಲ್ಲಿ ಕಾನೂನು ಹೇಳುವುದೆಲ್ಲ ಬಂದಂತಿದೆ. ಒಂದೇ ಅಳುಕು. ಕೆಲವು ಕಚೇರಿಗಳಲ್ಲಿ ‘ಸಾಹೇಬರು ಷರಾ ಬರೆದಿದ್ದಾರೆ’ ಅಂದರೆ ಕೆಳಗಿನವರಿಗೆ ಅದು ಆದೇಶವೇ ಎಂದು ಕೇಳಿದ್ದೇನೆ. ಕಂದಾಯ, ಪೊಲೀಸ್, ನ್ಯಾಯಾಂಗ ಇಲಾಖೆಗಳಲ್ಲಿ ದುಡಿದವರು ಇಲ್ಲಿದ್ದೀರಿ. ನಿಮ್ಮ ಕಿವಿಗೆ ಷರಾ ಹೇಗೆ ಕೇಳಿಸುತ್ತದೆ, ಸಲಹೆಯಾಗಿಯೋ ಅಪ್ಪಣೆಯಾಗಿಯೋ? ಯಾವ ಜಿಲ್ಲೆಯ ರೂಢಿ ಎಂಬುದನ್ನೂ ಜತೆಗೆ ಬರೆಯಿರಿ.